ಕಿವಿಯ ಒಳಗೆ ಏನುಂಟು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಗುರುವಾಯನಕೆರೆಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಬೆಳ್ಳಿಹಬ್ಬದ ಸಭೆಯೆಂದರೆ ಸಾಲ, ಠೇವಣಿ, ಅಡಿಕೆಯ ಧಾರಣೆ ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಇಲ್ಲಿ ಕಿವಿಯ ವಿಷಯ ಎಂತಕ್ಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಉಂಟು. ಕಣ್ಣಿಗೆ ಪೊರೆ ಬಂದರೆ ಊರಿನಲ್ಲಿ ಶಿಬಿರ ಮಾಡುತ್ತೇವೆ, ಜೀಪು ಮಾಡಿ ಆಸ್ಪತ್ರೆಗೆ ಕಳಿಸುತ್ತೇವೆ. ಕಿವಿ ಮಂದವಾದರೆ ನಗುತ್ತೇವೆ. ಕಣ್ಣು ಕಾಣದವನನ್ನು ಕಂಡರೆ ಕನಿಕರ, ಕಿವಿ ಕೇಳದವನನ್ನು ಕಂಡರೆ ತಮಾಷೆ. ನಾಟಕದಲ್ಲಿ ಒಬ್ಬ ಕೆಪ್ಪನ ಪಾತ್ರ ಬಂದರೆ ಸಾಕು, ಹಾಸ್ಯಕ್ಕೆ ಬೇರೆ ಮಾತೇ ಬೇಡ. ಹೀಗಾಗಿ ಕಿವಿ ಕೇಳದವರು ತಮಗೆ ಕೇಳುವುದಿಲ್ಲವೆಂದು ಹೇಳಿಕೊಳ್ಳಲು ನಾಚುತ್ತಾರೆ, ಗೊತ್ತಾದವರಂತೆ ತಲೆಯಾಡಿಸಿ ಸುಮ್ಮನಾಗುತ್ತಾರೆ.

ನಾವು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ಕಿವಿಯಲ್ಲಿ ಕೆಟ್ಟರೆ ರಿಪೇರಿ ಆಗುವ ಭಾಗ ಉಂಟು, ಕೆಟ್ಟರೆ ಮತ್ತೆ ಬಾರದ ಭಾಗವೂ ಉಂಟು. ಯಾವುದು ಯಾವುದೆಂದು ಗೊತ್ತಿಲ್ಲದೆ ನಾವು ರಿಪೇರಿ ಆಗುವುದನ್ನು ಹಣೆಬರಹವೆಂದು ಬಿಟ್ಟುಬಿಡುತ್ತೇವೆ, ರಿಪೇರಿ ಆಗದ್ದನ್ನು ನಮ್ಮ ಕೈಯಾರೆ ಲಗಾಡಿ ತೆಗೆಯುತ್ತೇವೆ. ಆದ್ದರಿಂದ ಹೊರಗಿನಿಂದ ಒಳಕ್ಕೆ ಒಂದೊಂದೇ ಕೋಣೆ ನೋಡುತ್ತಾ ಹೋಗೋಣ.

ನಾವು ಕಿವಿ ಎಂದು ಕರೆಯುವ, ಬೆಂಡೋಲೆ ಹಾಕುವ, ಮೇಷ್ಟ್ರು ಹಿಂಡುವ ಆ ಹಾಲೆ ನಿಜವಾಗಿ ಕಿವಿಯ ಹೆಬ್ಬಾಗಿಲು ಮಾತ್ರ. ಅದು ಶಬ್ದವನ್ನು ಒಟ್ಟುಮಾಡಿ ಒಳಗೆ ಕಳಿಸುತ್ತದೆ. ಒಳಗೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಓಣಿ. ಅದರ ಹೊರಭಾಗದ ಚರ್ಮದಲ್ಲಿ ಗುಗ್ಗೆ ತಯಾರಾಗುತ್ತದೆ. ಗುಗ್ಗೆ ಕೊಳೆಯೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಕೊಳೆಯಲ್ಲ. ಧೂಳು, ಹುಳ ಒಳಗೆ ಹೋಗದ ಹಾಗೆ ತಡೆಯುವ ಅಂಟು ಅದು. ಓಣಿಯ ಚರ್ಮ ನಿಧಾನವಾಗಿ ಹೊರಮುಖವಾಗಿ ಸರಿಯುತ್ತಾ ಇರುವುದರಿಂದ ಹಳೆಯ ಗುಗ್ಗೆ ತಾನಾಗಿಯೇ ಹೊರಗೆ ಬೀಳುತ್ತದೆ. ನಾವು ಬೆಂಕಿಕಡ್ಡಿ, ಕೂದಲಿಗೆ ಸಿಕ್ಕಿಸುವ ಪಿನ್ನು, ಬಸ್ಸಿನ ಟಿಕೇಟಿನ ಸುರುಳಿ ಹಾಕಿ ತಿರುಗಿಸುತ್ತೇವಲ್ಲ, ಆಗ ಹೊರಗೆ ಬರುತ್ತಿದ್ದ ಗುಗ್ಗೆಯನ್ನು ಒಳಗೆ ಗಿಡಿದ ಹಾಗಾಗುತ್ತದೆ. ಮತ್ತೆ ಕಿವಿ ಕಟ್ಟಿತೆಂದು ದೂರು. ಡಾಕ್ಟರರು ಹತ್ತು ನಿಮಿಷದಲ್ಲಿ ತೆಗೆದು ಬಿಡುತ್ತಾರೆ, ಕಿವಿ ಮೊದಲಿನಂತಾಗುತ್ತದೆ. ವರ್ಷಗಟ್ಟಲೆ ಕೆಪ್ಪನೆಂದು ಕರೆಸಿಕೊಂಡ ಅಜ್ಜನಿಗೆ ಇದ್ದದ್ದು ಬರೀ ಗುಗ್ಗೆ ಎಂಬ ಪ್ರಸಂಗಗಳು ಅಪರೂಪವೇನಲ್ಲ.

ಓಣಿಯ ಕೊನೆಗೆ ತಮಟೆ. ಹೆಸರಿಗೆ ತಕ್ಕಂತೆ ಬಿಗಿದ ಚರ್ಮ. ಅಡ್ಡಳತೆ ಒಂದು ಸೆಂಟಿಮೀಟರಿಗೆ ತುಸು ಕಡಿಮೆ, ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಗಾಳಿಯಲ್ಲಿ ಬಂದ ಕಂಪನಕ್ಕೆ ಇದು ಅಲುಗುತ್ತದೆ. ನಮಗೆ ಕೇಳಿಸುವ ಅತಿ ಸಣ್ಣ ಶಬ್ದಕ್ಕೆ ಇದು ಅಲುಗುವ ದೂರ ಜಲಜನಕದ ಒಂದು ಪರಮಾಣುವಿನ ಗಾತ್ರಕ್ಕಿಂತಲೂ ಕಡಿಮೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮಗೂ ಇದನ್ನು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆ. ಅದರಲ್ಲಿ ಮೂರು ಎಲುಬು. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಆಕಾರ ನೋಡಿ ಹೆಸರಿಟ್ಟಿದ್ದಾರೆ. ರಿಕಾಪೆಂದರೆ ಕುದುರೆ ಸವಾರ ಕಾಲಿಡುವ ಬಳೆ. ಇದು ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಸಣ್ಣ ಎಲುಬು, ಉದ್ದ ಸುಮಾರು 3 ಮಿಲಿಮೀಟರ್. ಈ ಮೂರು ಎಲುಬು ಎಂತಕ್ಕೆ, ತಮಟೆಯಿಂದ ನೇರ ಒಳಗೆ ಹೋದರೆ ಆಗದೋ? ಆಗುವುದಿಲ್ಲ. ಒಳಕಿವಿಯಲ್ಲಿ ಇರುವುದು ನೀರಿನಂಥ ದ್ರವ. ನಮ್ಮ ಕೆರೆಯಲ್ಲಿ ಮುಳುಗಿ ಈಜಿದವರಿಗೆ ಗೊತ್ತುಂಟು: ತಲೆ ನೀರೊಳಗೆ ಹೋದ ಕೂಡಲೇ ದಡದಲ್ಲಿ ನಿಂತು ಕೂಗುವವರ ಮಾತು ಕೇಳುವುದಿಲ್ಲ. ಗಾಳಿಯಲ್ಲಿ ಬಂದ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಪಾಲು ನೀರಿನ ಮೈಗೆ ತಾಗಿ ಹಿಂದೆ ಹೋಗುತ್ತದೆ. ಇದನ್ನು ಗೆಲ್ಲುವುದಕ್ಕೆ ಕಿವಿಯ ಉಪಾಯ ಇದು: ತಮಟೆಯ ವಿಸ್ತಾರ ದೊಡ್ಡದು, ರಿಕಾಪಿನ ಪಾದ ಕುಳಿತ ಕಿಂಡಿ ಅದರ ಹದಿನೇಳನೆಯ ಒಂದು ಪಾಲು. ದೊಡ್ಡ ಜಾಗಕ್ಕೆ ಬಿದ್ದ ಒತ್ತಡ ಸಣ್ಣ ಜಾಗಕ್ಕೆ ಇಳಿದಾಗ ಹೆಚ್ಚುತ್ತದೆ. ಎಲುಬುಗಳು ಹಾರೆಯ ಹಾಗೆ ಮೀಟುವುದರಿಂದ ಇನ್ನಷ್ಟು ಹೆಚ್ಚುತ್ತದೆ. ಒಟ್ಟು ಸುಮಾರು ಇಪ್ಪತ್ತೆರಡು ಪಾಲು.

ಈ ನಡುಕೋಣೆಗೆ ಗಂಟಲಿನ ಮೇಲ್ಭಾಗದಿಂದ ಒಂದು ಕೊಳವೆ ಬರುತ್ತದೆ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ಕಿವಿ ಗುಂಯ್ ಎಂದು ಕಟ್ಟಿ, ಎಂಜಲು ನುಂಗಿದರೆ ಟಪ್ ಎಂದು ಬಿಡುವುದು ಎಲ್ಲರ ಅನುಭವ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ, ಒಳಗಿನದ್ದು ಹಾಗೆಯೇ ಇರುತ್ತದೆ. ನುಂಗಿದಾಗ ಈ ಕೊಳವೆ ತೆರೆದು ಎರಡೂ ಸಮ ಆಗುತ್ತದೆ. ದೊಡ್ಡವರಲ್ಲಿ ಇದು ಇಳಿಜಾರಾಗಿ ಉಂಟು. ಸಣ್ಣ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಕಡಿಮೆ ಅಡ್ಡವಾಗಿಯೇ ಇರುತ್ತದೆ. ಹಾಗಾಗಿ ಶೀತ ಆದಾಗ ಮೂಗಿನ ಸೋಂಕು ಸಲೀಸಾಗಿ ಕಿವಿಗೆ ಹೋಗುತ್ತದೆ. ಕೀವು ತುಂಬಿ ತಮಟೆ ಒಡೆದು ಸೋರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಕಿವಿ ಸೋರುವ ಮಕ್ಕಳು ಎಷ್ಟು ಬೇಕಾದರೂ ಸಿಗುತ್ತಾರೆ. ದೊಡ್ಡವನಾದಾಗ ಸರಿಯಾಗುತ್ತದೆ ಎನ್ನುವುದು ಮೊದಲನೆಯ ಮಾತು. ಬಿಸಿ ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಬಿಡುವುದು, ಎದೆಹಾಲು ಬಿಡುವುದು, ಸೊಪ್ಪಿನ ರಸ ಬಿಡುವುದು ಎರಡನೆಯದು. ಅಜ್ಜಿಯರ ಮದ್ದನ್ನೆಲ್ಲ ಹಳಿಯುವ ಜಾತಿಯವರಲ್ಲ ನಾವು. ಕಷಾಯ ನಾವೂ ಕುಡಿಯುತ್ತೇವೆ. ಆದರೆ ತಮಟೆಯಲ್ಲಿ ತೂತು ಇರುವ ಕಿವಿಗೆ ಹೊಯ್ದದ್ದು ನೇರ ನಡುಕೋಣೆಗೆ ಹೋಗಿ ನಿಲ್ಲುತ್ತದೆ. ಆ ಕೋಣೆಯ ಮಾಡಿನ ಮೇಲೆಯೇ ಮೆದುಳು. ಗೋಡೆಯಲ್ಲಿ ಮುಖವನ್ನು ಆಡಿಸುವ ನರ. ಕೆಲವು ಬಗೆಯ ಸೋರುವಿಕೆ, ಅದರಲ್ಲೂ ಕೆಟ್ಟ ವಾಸನೆ ಬರುವಂಥದ್ದು, ಎಲುಬನ್ನು ತಿನ್ನುತ್ತಾ ಹೋಗಿ ಮುಖ ವಾರೆಯಾದದ್ದುಂಟು, ಮೆದುಳಿಗೆ ಕೀವು ಹತ್ತಿ ಪ್ರಾಣಕ್ಕೆ ಬಂದದ್ದೂ ಉಂಟು. ಸರಿಯಾದ ಹೊತ್ತಿಗೆ ತೋರಿಸಿದರೆ ಮದ್ದಿನಲ್ಲಿ ಸೋರುವುದು ನಿಲ್ಲುತ್ತದೆ. ತೂತು ಮುಚ್ಚದಿದ್ದರೆ ಕಿವಿಯ ಮೇಲ್ಗಡೆ ಇರುವ ಸ್ನಾಯುವಿನ ತೆಳುಪೊರೆ ತೆಗೆದು ತೇಪೆ ಹಾಕುತ್ತಾರೆ. ರಿಕಾಪು ಬಿಗಿದು ಅಲುಗದೆ ಹೋದರೂ ದಾರಿ ಉಂಟು. 1956ರಲ್ಲಿ ಅಮೆರಿಕದ ಜಾನ್ ಶೇ ಎಂಬ ವೈದ್ಯರು ಅದನ್ನು ತೆಗೆದು ಕೃತಕವಾದದ್ದನ್ನು ಕೂರಿಸಿ ತೋರಿಸಿದರು. ಇಲ್ಲಿಯವರೆಗಿನ ಕಿವಿ ಹೆಚ್ಚಿನ ಮಟ್ಟಿಗೆ ರಿಪೇರಿ ಆಗುವ ಕಿವಿ.

ಇನ್ನು ಒಳಕಿವಿ. ತಲೆಬುರುಡೆಯ ಅತಿ ಗಟ್ಟಿ ಎಲುಬಿನ ಒಳಗೆ ಬಸವನಹುಳದ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿದ ಒಂದು ನಾಳ, ಅದೇ ಕಾಕ್ಲಿಯಾ. ಬಿಡಿಸಿಟ್ಟರೆ ಸುಮಾರು 35 ಮಿಲಿಮೀಟರ್. ಪಕ್ಕದಲ್ಲಿ ಮೂರು ಅರ್ಧಚಂದ್ರ ನಾಳಗಳು. ಅವು ಕೇಳುವುದಕ್ಕಲ್ಲ, ಬೀಳದೆ ನಿಲ್ಲುವುದಕ್ಕೆ. ತಲೆ ತಿರುಗುವ ಕಾಯಿಲೆಗೆ ಕಿವಿಯ ಡಾಕ್ಟರರು ಎಂತಕ್ಕೆಂದು ಕೇಳುವವರಿಗೆ ಇದೇ ಉತ್ತರ.

ಕಾಕ್ಲಿಯಾದ ಉದ್ದಕ್ಕೂ ಒಂದು ಪೊರೆ ಹಾಸಿಕೊಂಡಿದೆ. ರಿಕಾಪು ಗುದ್ದಿದಾಗ ದ್ರವದಲ್ಲಿ ಏಳುವ ಅಲೆ ಈ ಪೊರೆಯ ಮೇಲೆ ಓಡುತ್ತದೆ. ಸಣ್ಣ, ತೀಕ್ಷ್ಣ ಸ್ವರವಾದರೆ ಬಾಗಿಲ ಹತ್ತಿರವೇ ಪೊರೆ ಜೋರಾಗಿ ಅಲುಗುತ್ತದೆ. ದಪ್ಪ ಸ್ವರವಾದರೆ ಅಲೆ ಮುಂದಕ್ಕೆ ಹೋಗಿ ಕೊನೆಯ ಸುತ್ತಿನಲ್ಲಿ ಏಳುತ್ತದೆ. ಹಾರ್ಮೋನಿಯಂನ ಮನೆಗಳನ್ನು ಸುರುಳಿ ಸುತ್ತಿ ಇಟ್ಟ ಹಾಗೆ. ಸತ್ತವರ ಕಿವಿಗಳಲ್ಲಿ ಈ ಅಲೆಯನ್ನು ಕಣ್ಣಾರೆ ನೋಡಿ ತಿಳಿಸಿದ ಹಂಗೆರಿಯ ಬೆಕೆಸಿ ಎಂಬವರಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂತು. ನೀವು ಆಟಕ್ಕೆ ಹೋಗಿ ಕೂತಾಗ ಭಾಗವತರ ಪದ, ಮದ್ದಳೆ, ಚೆಂಡೆ, ಚಕ್ರತಾಳ, ಶ್ರುತಿ, ಹಿಂದಿನ ಸಾಲಿನವರ ಕಡಲೆ ಜಗಿಯುವ ಸದ್ದು ಎಲ್ಲವೂ ಒಂದೇ ಅಲೆಯಾಗಿ ತಮಟೆಗೆ ಬರುತ್ತದೆ. ಅದನ್ನು ಒಂದೊಂದು ಸ್ವರವಾಗಿ ಬಿಡಿಸಿ ಕೊಡುವುದು ಈ ಮೂರೂವರೆ ಸೆಂಟಿಮೀಟರಿನ ಪೊರೆ.

ಪೊರೆಯ ಮೇಲೆ ಸಾಲಾಗಿ ನಿಂತಿರುವ ರೋಮಕೋಶಗಳೇ ನಿಜವಾದ ಕೇಳುವವರು. ಒಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲಿನವು ಸುಮಾರು 12,000. ಒಳಸಾಲಿನವು ಅಲುಗಾಟವನ್ನು ವಿದ್ಯುತ್ ಸುದ್ದಿಯಾಗಿ ಬದಲಿಸಿ ನರದ ಮೂಲಕ ಮೆದುಳಿಗೆ ಕಳಿಸುತ್ತವೆ. ಹೊರಸಾಲಿನವು ತಾವೇ ಕುಣಿದು ಸಣ್ಣ ಶಬ್ದವನ್ನು ದೊಡ್ಡದು ಮಾಡಿ ಕೊಡುತ್ತವೆ. ಲೆಕ್ಕ ಗಮನಿಸಬೇಕು. ಒಂದು ಸೇರು ಅಕ್ಕಿಯಲ್ಲಿ ಇರುವ ಕಾಳುಗಳಷ್ಟೂ ಇಲ್ಲ ಈ ಕೋಶಗಳು. ಹುಟ್ಟುವ ಮೊದಲೇ ತಯಾರಾದದ್ದೇ ಕೊನೆ, ಆಮೇಲೆ ಹೊಸತು ಹುಟ್ಟುವುದಿಲ್ಲ. ಚರ್ಮ ಹರಿದರೆ ಕೂಡುತ್ತದೆ, ಎಲುಬು ಮುರಿದರೆ ಕೂಡುತ್ತದೆ, ಇದು ಮಾತ್ರ ಸತ್ತರೆ ಸತ್ತಂತೆಯೇ. ನಮ್ಮ ಅಂಗಳದ ಕೋಳಿಗೆ ಹಾಗಲ್ಲ! ಕೋಳಿಯ ಕಿವಿಯಲ್ಲಿ ಶಬ್ದದಿಂದ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸತು ಬೆಳೆಯುತ್ತದೆಂದು 1988ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಂಕಕ್ಕೆ ಹೋಗುವ ಹುಂಜಕ್ಕೆ ಇರುವ ಭಾಗ್ಯ ಅದನ್ನು ಕೊಂಡುಹೋಗುವವನಿಗೆ ಇಲ್ಲ.

ಇವು ಯಾವುದರಿಂದ ಸಾಯುತ್ತವೆ? ಪ್ರಾಯದಿಂದ. ಜೆಂಟಾಮೈಸಿನ್ ಜಾತಿಯ ಕೆಲವು ಇಂಜೆಕ್ಷನ್‌ಗಳಿಂದ. ಅವು ಜೀವ ಉಳಿಸುವ ಮದ್ದುಗಳೇ, ಆದರೆ ಡಾಕ್ಟರರ ಕಣ್ಗಾವಲಿನಲ್ಲಿ ಇರಬೇಕು. ಮತ್ತೆ ಶಬ್ದದಿಂದ. ಶಬ್ದವನ್ನು ಡೆಸಿಬೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇದು ಬಡ್ಡಿ ಲೆಕ್ಕದ ಹಾಗೆ, ಸಂಘದ ಸದಸ್ಯರಿಗೆ ಬೇಗ ಅರ್ಥ ಆದೀತು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎಂದು ಒಂದು ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಶಕ್ತಿ ಇಮ್ಮಡಿ, ಸಮಯ ಅರ್ಧ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು ಗಂಟೆ, 100ಕ್ಕೆ ಬರೀ ಕಾಲು ಗಂಟೆ. ಮರ ಕೊಯ್ಯುವ ಚೈನ್ ಯಂತ್ರ 100ನ್ನು ದಾಟುತ್ತದೆ. ಅಳೆಯುವ ಯಂತ್ರ ಇಲ್ಲದಿದ್ದರೆ ಒಂದು ಅಂದಾಜು ಹೀಗೆ: ಕೈಯಳತೆಯ ದೂರದಲ್ಲಿ ನಿಂತವನೊಡನೆ ಬೊಬ್ಬೆ ಹೊಡೆದು ಮಾತಾಡಬೇಕಾದರೆ ಆ ಜಾಗ ಕಿವಿಗೆ ಒಳ್ಳೆಯದಲ್ಲ.

ಇನ್ನು ನಮ್ಮ ಸುತ್ತ ನೋಡಿ. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವ ಯಂತ್ರ, ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಅಡಿಕೆಗೆ ಮದ್ದು ಬಿಡುವ ಪಂಪಿನ ಇಂಜಿನು, ಅಕ್ಕಿ ಮಿಲ್ಲು, ಕೊಳವೆಬಾವಿ ಕೊರೆಯುವ ಗಾಡಿ. ಇವುಗಳ ಹತ್ತಿರ ದಿನವಿಡೀ ನಿಲ್ಲುವವರು ನಮ್ಮದೇ ಸದಸ್ಯರು, ನಮ್ಮದೇ ಕೆಲಸದಾಳುಗಳು. ಜಾತ್ರೆಯ ಗರ್ನಾಲಿಗಂತೂ ಲೆಕ್ಕವೇ ಇಲ್ಲ; ಹತ್ತಿರ ಸಿಡಿದರೆ ಒಂದೇ ಏಟಿಗೆ ತಮಟೆಯೂ ಹೋದೀತು, ಕೋಶಗಳೂ ಹೋದಾವು. ಕೆಲಸ ಮುಗಿಸಿ ಬಂದ ರಾತ್ರಿ ಕಿವಿಯೊಳಗೆ ಜೀರುಂಡೆ ಕೂಗಿದಂತಾದರೆ ಅದು ದಣಿವಲ್ಲ, ಕೋಶಗಳು ಪೆಟ್ಟು ತಿಂದ ಗುರುತು.

ಶಬ್ದದಿಂದ ಹೋಗುವ ಕಿವಿ ಒಮ್ಮೆಗೇ ಹೋಗುವುದಿಲ್ಲ. ಮೊದಲು ಹೋಗುವುದು ಬಾಗಿಲ ಹತ್ತಿರದ, ತೀಕ್ಷ್ಣ ಸ್ವರದ ಕೋಶಗಳು. ಅ, ಆ, ಉ, ಓ ಇವು ದಪ್ಪ ಸ್ವರಗಳು, ಕೇಳುತ್ತಾ ಇರುತ್ತವೆ. ಸ, ಶ, ತ, ಕ ಇಂಥವು ತಪ್ಪಿಹೋಗುತ್ತವೆ. ಸಂಘದ ಕೌಂಟರಿನಲ್ಲಿ 'ಸಾಲದ ದುಡ್ಡು' ಎಂದರೆ 'ಹಾಲಿನ ದುಡ್ಡು' ಎಂದು ಕೇಳುವುದು ಇದೇ ಕಾರಣಕ್ಕೆ. (ಎಲ್ಲರಿಗೂ ಇದೇ ಕಾರಣ ಎಂದು ನಾವು ಹೇಳುವುದಿಲ್ಲ!) ಇಂಥವರು 'ಕೇಳುತ್ತದೆ, ಎಂತ ಹೇಳಿದ್ದೆಂದು ಗೊತ್ತಾಗುವುದಿಲ್ಲ' ಎನ್ನುತ್ತಾರೆ. ಮನೆಯವರು 'ಬೇಕಾದ್ದು ಮಾತ್ರ ಕೇಳುತ್ತದೆ ಇವರಿಗೆ' ಎಂದು ಹಂಗಿಸುತ್ತಾರೆ. ಅವರ ಮಾತೇ ಸರಿ, ಮನೆಯವರದ್ದು ತಪ್ಪು.

ಕಿವಿಗೆ ಹತ್ತಿ ತುರುಕಿದರೆ ಪ್ರಯೋಜನ ತೀರಾ ಕಮ್ಮಿ. ಹಿಂಡಿ ಒಳಗಿಟ್ಟರೆ ಉಬ್ಬುವ ಸ್ಪಂಜಿನ ಬಿರಡೆ, ಇಲ್ಲವೇ ತಲೆಗೆ ಹಾಕುವ ಕಿವಿಮುಚ್ಚಳ ಬೇಕು. ನಮ್ಮ ಸಹಕಾರ ಸಂಘಗಳ ಗೊಬ್ಬರ, ಮದ್ದಿನ ಮಳಿಗೆಗಳಲ್ಲಿ ಮೈಲುತುತ್ತಿನ ಚೀಲದ ಪಕ್ಕ ಇದನ್ನೂ ಇಡಬಹುದು. ಪಂಪು, ಯಂತ್ರ ತೆಗೆಯಲು ಸಾಲ ಕೊಡುವಾಗ ಒಂದು ಜೊತೆ ಕಿವಿಮುಚ್ಚಳದ ಬೆಲೆಯನ್ನೂ ಅದರಲ್ಲಿ ಸೇರಿಸಿದರೆ ಯಾರಿಗೂ ಭಾರ ಆಗಲಾರದು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಮಕ್ಕಳದ್ದು. ಗರ್ಭದಲ್ಲಿದ್ದ ಅಭಿಮನ್ಯು ಚಕ್ರವ್ಯೂಹದ ಕತೆ ಕೇಳಿದ ಪ್ರಸಂಗ ನಮಗೆಲ್ಲ ಗೊತ್ತು. ವ್ಯೂಹದ ವಿಷಯ ಬಿಡಿ, ಕೇಳಿದ್ದು ಸುಳ್ಳಲ್ಲ. ಐದನೆಯ ತಿಂಗಳ ಹೊತ್ತಿಗೆ ಕಾಕ್ಲಿಯಾ ದೊಡ್ಡವರ ಅಳತೆಗೆ ಬೆಳೆದಿರುತ್ತದೆ. ಮುಂದಿನ ತಿಂಗಳುಗಳಲ್ಲಿ ಶಿಶು ತಾಯಿಯ ಸ್ವರ ಕೇಳುತ್ತದೆ. ಹುಟ್ಟಿದ ಮೇಲೆ ಮೊದಲ ಎರಡು ಮೂರು ವರ್ಷ ಮೆದುಳು ಮಾತನ್ನು ಹೀರಿಕೊಳ್ಳುವ ಕಾಲ. ಆ ಹೊತ್ತಿಗೆ ಕಿವಿಯಿಂದ ಏನೂ ಬಾರದಿದ್ದರೆ ಮೆದುಳಿನ ಆ ಜಾಗ ಬೇರೆ ಕೆಲಸಕ್ಕೆ ಹೋಗುತ್ತದೆ. ನಾವು 'ಮೂಗ' ಎಂದು ಕರೆಯುವ ಮಗುವಿನ ನಾಲಗೆ, ಗಂಟಲು ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಅದಕ್ಕೆ ಮಾತು ಬಾರದ್ದು ಮಾತು ಕೇಳದ್ದರಿಂದ. ನಾಲಗೆಯ ಕೆಳಗಿನ ನರ ಕತ್ತರಿಸಿದರೆ ಮಾತು ಬರುತ್ತದೆ, ಅಪ್ಪನಿಗೂ ತಡವಾಗಿ ಬಂದದ್ದು, ದೇವರಿಗೆ ಹರಕೆ ಹೇಳಿ ನೋಡುವ ಎಂದು ವರ್ಷ ಕಳೆಯುತ್ತೇವೆ. ಹರಕೆ ಹೇಳಬಾರದೆಂದಲ್ಲ. ಹರಕೆ ಹೇಳಿದ ಮರುದಿನವೇ ಕಿವಿ ಪರೀಕ್ಷೆಗೂ ಹೋಗಬೇಕು.

ಹುಟ್ಟಿದ ಸಾವಿರ ಮಕ್ಕಳಲ್ಲಿ ಒಂದೆರಡಕ್ಕಾದರೂ ಈ ತೊಂದರೆ ಇರುತ್ತದೆ. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಸಾಧ್ಯತೆ ಹೆಚ್ಚು. ಬಸುರಿಗೆ ರುಬೆಲ್ಲಾ ಜ್ವರ ಬಂದರೂ ಆಗುತ್ತದೆ. ಇದಕ್ಕೆ ಲಸಿಕೆ ಉಂಟು. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದಾಗ ಎಷ್ಟೋ ಹೆತ್ತವರು ಹೆದರಿ ಮಕ್ಕಳನ್ನು ಮನೆಯಲ್ಲಿ ಕೂರಿಸಿದರು. ಆ ಲಸಿಕೆ ಮುಂದಿನ ತಲೆಮಾರಿನ ಕಿವಿಗೂ ಸೇರಿದ್ದೆಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ.

ಮಾತಾಡಲಾಗದ ಹಸುಳೆಗೆ ಕೇಳುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹಿಂದೆ ಬಟ್ಟಲು ಬಡಿದು ನೋಡುತ್ತಿದ್ದರು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬವರು ಒಂದು ವಿಚಿತ್ರ ಕಂಡುಹಿಡಿದರು. ಆರೋಗ್ಯದ ಕಿವಿ ಶಬ್ದವನ್ನು ಕೇಳುವುದು ಮಾತ್ರವಲ್ಲ, ಅತಿ ಸಣ್ಣ ಶಬ್ದವನ್ನು ತಿರುಗಿ ಹೊರಗೂ ಕೊಡುತ್ತದೆ. ಹೊರಸಾಲಿನ ಕೋಶಗಳು ಕುಣಿಯುತ್ತವೆ ಎಂದೆವಲ್ಲ, ಅದೇ ಆ ಸದ್ದು. ಮಲಗಿದ ಮಗುವಿನ ಕಿವಿಗೆ ಸಣ್ಣ ಬಿರಡೆ ಇಟ್ಟು ಯಂತ್ರ ಟಿಕ್ ಎನ್ನುತ್ತದೆ. ಕಿವಿ ಉತ್ತರ ಕೊಟ್ಟರೆ ಪಾಸು. ಸೂಜಿಯಿಲ್ಲ, ನೋವಿಲ್ಲ, ಕೆಲವು ನಿಮಿಷ ಸಾಕು. ಉತ್ತರ ಬಾರದಿದ್ದರೆ ಇನ್ನೊಮ್ಮೆ, ಮತ್ತೆ ಮೆದುಳಿನ ನರದವರೆಗೆ ನೋಡುವ ಬೇರಾ ಎಂಬ ಪರೀಕ್ಷೆ. ತಿಂಗಳು ತುಂಬುವಾಗ ಮೊದಲ ಪರೀಕ್ಷೆ, ಮೂರು ತಿಂಗಳಿಗೆ ಖಚಿತ ನಿರ್ಣಯ, ಆರು ತಿಂಗಳಿಗೆ ಚಿಕಿತ್ಸೆ ಶುರು ಎಂಬುದು ಲೋಕದಲ್ಲಿ ಒಪ್ಪಿದ ಲೆಕ್ಕ. ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವಾಗ 'ಕಿವಿ ಪರೀಕ್ಷೆ ಆಯಿತೋ' ಎಂದು ಕೇಳುವುದನ್ನು ಅಜ್ಜಿಯಂದಿರು ರೂಢಿ ಮಾಡಿಕೊಳ್ಳಬೇಕು.

ನಮ್ಮ ರಾಜ್ಯದ ಪುಣ್ಯಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಉಂಟು. ಅಲ್ಲಿ ಶ್ರವಣದೋಷದ ಸಣ್ಣ ಮಕ್ಕಳೊಡನೆ ತಾಯಂದಿರನ್ನೂ ಕೂರಿಸಿ ಕಲಿಸುತ್ತಾರೆ. ಅಷ್ಟು ದೂರ ಹೋಗುವ ಮೊದಲು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ, ವಾಕ್-ಶ್ರವಣ ಕಲಿಸುವ ಕಾಲೇಜುಗಳಿರುವ ಆಸ್ಪತ್ರೆಗಳಲ್ಲಿ ತೋರಿಸಬಹುದು. ಶ್ರವಣ ಯಂತ್ರದಿಂದ ಸಾಲದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆ. ಸತ್ತ ಕೋಶಗಳನ್ನು ಬಿಟ್ಟು, ಕಾಕ್ಲಿಯಾದ ಸುರುಳಿಯೊಳಗೆ ತೆಳುವಾದ ತಂತಿ ತೂರಿಸಿ ನೇರ ನರಕ್ಕೇ ಸುದ್ದಿ ಮುಟ್ಟಿಸುತ್ತಾರೆ. 3,500 ಕೋಶಗಳ ಕೆಲಸವನ್ನು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ತಂತಿತುದಿಗಳು ಮಾಡಬೇಕು. ಆದರೂ ಬೇಗ ಹಾಕಿಸಿದ ಮಕ್ಕಳು ಮಾತು ಕಲಿತು ಎಲ್ಲರ ಜೊತೆ ಶಾಲೆಗೆ ಹೋಗುತ್ತಾರೆ. ಲಕ್ಷಗಟ್ಟಲೆ ಖರ್ಚು. ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಆದಾಯ ಕಡಿಮೆ ಇರುವ ಕುಟುಂಬಗಳ ಸಣ್ಣ ಮಕ್ಕಳಿಗೆ ಉಚಿತವಾಗಿ ಸಿಗುತ್ತದೆ. ಆದರೆ ಯಂತ್ರ ಕೂರಿಸಿದ ಕೂಡಲೇ ಮಾತು ಬರುವುದಿಲ್ಲ, ವರ್ಷಗಟ್ಟಲೆ ಕಲಿಸಬೇಕು. ಹೊರಗಿನ ಭಾಗದ ಬ್ಯಾಟರಿ, ವಯರು ಹಾಳಾದರೆ ಮತ್ತೆ ಖರ್ಚು. ಅಲ್ಲಿಗೆ ಸೋತು ಯಂತ್ರವನ್ನು ಕಪಾಟಿನಲ್ಲಿ ಇಟ್ಟರೆ ಮಗು ಮತ್ತೆ ಮೌನಕ್ಕೆ ಹೋಯಿತೆಂದೇ ಲೆಕ್ಕ. ಸಂಘಗಳು ಸಣ್ಣ ಸಾಲ ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನಮಗೆ ತೋಚುವುದಿಲ್ಲ. ಯಂತ್ರ ಒಗ್ಗದ ಮಕ್ಕಳಿಗೆ ಕೈಸನ್ನೆಯ ಭಾಷೆ ಉಂಟು. ಅದೂ ಪೂರ್ಣ ಭಾಷೆಯೇ, ಅದನ್ನೂ ಬೇಗ ಕಲಿಸಬೇಕು.

ಹಿರಿಯರ ವಿಷಯ ಚುಟುಕಾಗಿ. ಒಂದೇ ದಿನದಲ್ಲಿ ಒಂದು ಕಿವಿ ಕೇಳದಾದರೆ ಶೀತವೆಂದು ಕಾಯಬೇಡಿ, ಎರಡು ಮೂರು ದಿನದೊಳಗೆ ಹೋದರೆ ಮದ್ದಿಗೆ ತಿರುಗಿ ಬರುವ ಸಾಧ್ಯತೆ ಉಂಟು. ಒಂದೇ ಕಿವಿ ಕೇಳುವವರಿಗೆ ಶಬ್ದ ಯಾವ ಕಡೆಯದ್ದೆಂದು ತಿಳಿಯುವುದಿಲ್ಲ. ಎರಡು ಕಿವಿಗೆ ಶಬ್ದ ಮುಟ್ಟುವುದರಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿಗೂ ಕಡಿಮೆ ವ್ಯತ್ಯಾಸ ಹಿಡಿದು ಮೆದುಳು ದಿಕ್ಕು ಹೇಳುವುದು. ಆದ್ದರಿಂದ ಅಂಥವರು ವೇಣೂರು, ಉಪ್ಪಿನಂಗಡಿ ರಸ್ತೆಗಳು ಕೂಡುವ ನಮ್ಮ ಪೇಟೆಯಲ್ಲಿ ಹಾರ್ನ್ ನಂಬಿ ರಸ್ತೆ ದಾಟಬಾರದು, ಕಣ್ಣಿನಿಂದ ನೋಡಿಯೇ ದಾಟಬೇಕು. ಯಂತ್ರ ಬೇಕಾದವರು ಪರೀಕ್ಷೆ ಮಾಡಿಸಿ ಅವರ ಕಿವಿಯ ಲೆಕ್ಕಕ್ಕೆ ಹೊಂದಿಸಿದ್ದನ್ನೇ ತೆಗೆದುಕೊಳ್ಳಬೇಕು. ಜಾತ್ರೆಯ ಅಂಗಡಿಯಲ್ಲಿ ಸಿಗುವುದು ಗಾಳಿಯ ಸದ್ದನ್ನೂ ಪಾತ್ರೆಯ ಸದ್ದನ್ನೂ ಒಟ್ಟಿಗೆ ಹೆಚ್ಚಿಸಿ ತಲೆ ನೋಯಿಸುತ್ತದೆ. ಹೊಸತರಲ್ಲಿ ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ ಹಾಕಿ, ಆಮೇಲೆ ಸಂತೆಗೆ ಹೋಗಬೇಕು. ಮನೆಯವರು ಬೊಬ್ಬೆ ಹಾಕುವುದು ಬೇಡ. ಎದುರು ಬಂದು, ಮುಖ ಕಾಣುವ ಹಾಗೆ ನಿಂತು, ಸ್ವಲ್ಪ ನಿಧಾನವಾಗಿ ಹೇಳಿದರೆ ಸಾಕು.

ಪ್ರಶ್ನೆ ಇದ್ದವರು ಈಗ ಕೇಳಬಹುದು. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ.